ಇಟ್ಟಿಗೆಯಾಟದಲ್ಲಿ ಜಪಾನೀ ಮನೆ

ಗಣಕಯಂತ್ರದ ಮೇಲೆ ಆಡುವ ಆಟವೊಂದನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನದ ವಸ್ತುವಾಗಿ ಮಾಡಿಕೊಂಡುದನ್ನು ನೋಡಿ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಪರೀಕ್ಷೆಗೆ ಓದಬೇಕಾದ ಹುಡುಗ ಆಟದಲ್ಲಿ ಹೊತ್ತು ಕಳೆದುದಲ್ಲದೆ ಅದನ್ನು ಬರೆದು ಮೆರೆಸುತ್ತಿದ್ದಾನೆಂದು ಅಧ್ಯಾಪಕರೂ ಭಾವಿಸಬಹುದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆ ಆಟದಲ್ಲಿ ಜಪಾನೀ ಮಾದರಿಯ ಮನೆಯೊಂದನ್ನು ಕಟ್ಟಹೊರಟು, ಅದು ಸರಿಬಾರದೆ, ಏಕೆ ಸರಿಬಾರದೆಂದು ವಿಚಾರಿಸುತ್ತ ಹೋದ ನಾನು, ಹುಟ್ಟಿದಂದಿನಿಂದ ಕಾಣುತ್ತಿದ್ದ ಹೊಣಕೆರೆಯ ನಮ್ಮ ತೊಟ್ಟಿ ಮನೆಯನ್ನು ಮೊದಲ ಸಲ ನೋಡುವಂತಾಯಿತು. ಆ ದಾರಿಯನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕುಸ್ ಪೆರ್ಸನ್ ಎಂಬಾತ ಇದನ್ನು ರಚಿಸಿ 2009ರಲ್ಲಿ ಜನರ ಮುಂದಿಟ್ಟನು. ಪೂರ್ಣರೂಪ 2011ರಲ್ಲಿ ಹೊರಬಂದಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದುವು. ಈ ಆಟದ ಪ್ರಪಂಚದಲ್ಲಿ ಮಣ್ಣು, ಕಲ್ಲು, ಮರ, ಎಲೆ ಎಲ್ಲವೂ ಘನಾಕೃತಿಯ ತುಂಡುಗಳು. ಪ್ರತಿಯೊಂದು ಘನದ ಉದ್ದ, ಅಗಲ, ಎತ್ತರ ಒಂದೊಂದು ಮೀಟರು. ಒಂದನ್ನು ಕಿತ್ತು ಇನ್ನೊಂದೆಡೆ ಇಡಬಹುದು. ಹೀಗೆ ಇಡುತ್ತ ಹೋದರೆ ಗುಡಿಸಲಿನಿಂದ ಗೋಪುರದವರೆಗೆ ಏನನ್ನಾದರೂ ಎಬ್ಬಿಸಬಹುದು. ಘನವಲ್ಲದೆ ಅದರ ಅರ್ಧ ಎತ್ತರದ ಚಪ್ಪಡಿ, ಮೆಟ್ಟಿಲಿನಾಕಾರದ ತುಂಡು, ಬೇಲಿಗೂಟ, ತೆಳು ಗಾಜಿನ ಫಲಕ ಮೊದಲಾದುವೂ ಉಂಟು. 2023ರ ಜೂನ್ ತಿಂಗಳಲ್ಲಿ ಚೆರ್ರಿ ಮರ ಮತ್ತು ಬಿದಿರಿನ ಹಲಗೆಗಳು ಬಂದ ಮೇಲಂತೂ ಜಪಾನೀ ಮಾದರಿಯ ಮನೆ ಕಟ್ಟುವ ಹುಚ್ಚು ಈ ಆಟಗಾರರಲ್ಲಿ ಇನ್ನಷ್ಟು ಹೆಚ್ಚಿತು.

ನನಗೂ ಆ ಹುಚ್ಚು ಹಿಡಿಯಿತು. ಚಿತ್ರವೊಂದನ್ನು ಮುಂದಿಟ್ಟುಕೊಂಡು ಕಂಬ ನೆಟ್ಟೆ, ಗೋಡೆ ಎತ್ತಿದೆ, ಕಪ್ಪು ಹೆಂಚಿನ ಮಾಡು ಹೊದಿಸಿದೆ, ಅಂಗಳದಲ್ಲಿ ಚೆರ್ರಿ ಮರವನ್ನೂ ನೆಟ್ಟೆ. ದೂರದಿಂದ ನೋಡಿದರೆ ಜಪಾನೀ ಮನೆಯೇ; ಹತ್ತಿರ ಬಂದರೆ ಹಸುವಿನ ಕೊಟ್ಟಿಗೆಗೆ ಕಿರೀಟ ತೊಡಿಸಿದಂತೆ ಕಾಣುತ್ತಿತ್ತು. ಕೋಣೆಗಳು ಇಕ್ಕಟ್ಟು, ಗೋಡೆಗಳು ಕೋಟೆಯ ಗೋಡೆಗಳಂತೆ ದಪ್ಪ, ಮಾಡು ನೆಟ್ಟಗೆ ಮೇಲೇರಿದ ಏಣಿ. ಮೂರು ಸಲ ಕೆಡವಿ ಕಟ್ಟಿದರೂ ಫಲ ಅದೇ. ದೋಷವಿದ್ದುದು ಅಳತೆಯಲ್ಲಿ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಅಳತೆ

ಜಪಾನಿನಲ್ಲಿ ಕೋಣೆಯ ವಿಸ್ತಾರವನ್ನು ಚಾಪೆಗಳ ಲೆಕ್ಕದಲ್ಲಿ ಹೇಳುವ ಪದ್ಧತಿಯುಂಟು. ಈ ಚಾಪೆಗೆ ತತಾಮಿ ಎಂದು ಹೆಸರು. ನಮ್ಮ ಚಾಪೆಯಂತೆ ಅದು ಸುತ್ತಿಡುವಂಥದಲ್ಲ. ಹುಲ್ಲನ್ನು ಒತ್ತಿ ಮಾಡಿದ ದಪ್ಪನೆಯ ಹಾಸು, ನೆಲಕ್ಕೇ ಕೂರಿಸಿರುತ್ತದೆ. ಅದರ ಉದ್ದ ಅಗಲದ ಎರಡರಷ್ಟು. ಸಾಮಾನ್ಯವಾದ ಒಂದು ಅಳತೆ 1.82 ಮೀಟರು ಉದ್ದ, 0.91 ಮೀಟರು ಅಗಲ. ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ, ಚಹಾ ಸೇವನೆಗೆ ನಾಲ್ಕೂವರೆ ಚಾಪೆಯ ಕೋಣೆ ಎಂದು ಅವರು ಎಣಿಸುತ್ತಾರೆ. ಕಂಬದಿಂದ ಕಂಬಕ್ಕೆ ಇರುವ ಅಂತರಕ್ಕೆ ಕೆನ್ ಎಂದು ಹೆಸರು. ಅದು ಆರು ಶಾಕು, ಎಂದರೆ ಸುಮಾರು 1.82 ಮೀಟರು. ಒಂದು ಶಾಕು 30.3 ಸೆಂಟಿಮೀಟರು, ನಮ್ಮ ಅಡಿಯಾದರೋ 30.48. ಇವೆರಡರ ಭೇದ ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆದುದರಿಂದ ಅರ್ಧ ಕೆನ್ ಎಂದರೆ ಮೂರು ಅಡಿ, ನಮ್ಮ ಒಂದು ಗಜ.

ಇಲ್ಲಿ ನನಗೆ ಬೀಗದ ಕೈ ದೊರೆಯಿತು. ಆಟದ ಒಂದು ಘನವನ್ನು ಒಂದು ಗಜವೆಂದು ಭಾವಿಸಿದರೆ ಒಂದು ಚಾಪೆ ಎರಡು ಘನಗಳ ಜಾಗ. ಆರು ಚಾಪೆಯ ಕೋಣೆಗೆ ಹನ್ನೆರಡು ಘನ, ಎಂದರೆ ಮೂರಕ್ಕೆ ನಾಲ್ಕು. ಎಂಟು ಚಾಪೆಗೆ ಹದಿನಾರು, ಎಂದರೆ ನಾಲ್ಕಕ್ಕೆ ನಾಲ್ಕು. ನಾಲ್ಕೂವರೆ ಚಾಪೆಗೆ ಒಂಬತ್ತು, ಎಂದರೆ ಮೂರಕ್ಕೆ ಮೂರು. ಯಾವುದರಲ್ಲಿಯೂ ಶೇಷ ಉಳಿಯುವುದಿಲ್ಲ. ಮನಸ್ಸಿಗೆ ಬಂದಂತೆ ಐದು ಘನ, ಏಳು ಘನ ಎಂದು ಕೋಣೆ ಮಾಡುತ್ತಿದ್ದ ನನ್ನ ಮೊದಲಿನ ಮನೆ ಏಕೆ ಜಪಾನೀ ಮನೆಯಾಗಲಿಲ್ಲ ಎಂಬುದಕ್ಕೆ ಒಂದು ಉತ್ತರ ಸಿಕ್ಕಿತು.

ಆದರೆ ಇನ್ನೊಂದು ತೊಡಕು ಉಳಿಯಿತು. ನಿಜವಾದ ಮರದ ಕಂಬ ನಾಲ್ಕಾರು ಅಂಗುಲ ದಪ್ಪವಿದ್ದರೆ ಆಟದ ಕಂಬ ಒಂದು ಇಡೀ ಘನವನ್ನು ನುಂಗುತ್ತದೆ. ಹಾಗಾದರೆ ಅಂತರವನ್ನು ಕಂಬದ ನಡುವಿನಿಂದ ನಡುವಿಗೆ ಎಣಿಸಬೇಕೋ, ಕಂಬಗಳ ಒಳಗಿನ ಖಾಲಿ ಜಾಗವನ್ನು ಎಣಿಸಬೇಕೋ? ವಿಚಾರಿಸಿದಾಗ ತಿಳಿದುದೇನೆಂದರೆ, ಜಪಾನಿನಲ್ಲಿಯೂ ಇದೇ ಪ್ರಶ್ನೆಗೆ ಎರಡು ಉತ್ತರಗಳಿದ್ದುವು. ಈಗ ಟೋಕಿಯೋ ಎನಿಸಿರುವ ಎದೋ ನಗರದಲ್ಲಿ ನಡುವಿನಿಂದ ನಡುವಿಗೆ ಅಳೆಯುತ್ತಿದ್ದರು. ಕಂಬದ ದಪ್ಪಕ್ಕೆ ತಕ್ಕಂತೆ ಚಾಪೆ ಕಿರಿದಾಗುತ್ತಿತ್ತು. ಕ್ಯೋಟೋ ನಗರದಲ್ಲಿ ಚಾಪೆಯ ಅಳತೆಯೇ ಸ್ಥಿರ; ಅದನ್ನು ಹಾಸಿದಷ್ಟು ಜಾಗ ಬಿಟ್ಟು ಹೊರಗೆ ಕಂಬ ನಿಲ್ಲಿಸುತ್ತಿದ್ದರು. ಆಟಕ್ಕೆ ಹೊಂದುವುದು ಕ್ಯೋಟೋ ಪದ್ಧತಿ. ಮೊದಲು ಚಾಪೆ ಹಾಸಿ, ಆಮೇಲೆ ಕಂಬ ನೆಡಿ: ಈ ಕೆಲಸಕ್ಕೆ ಹೊರಡುವ ಮಿತ್ರರಿಗೆ ನಾನು ಹೇಳುವ ಮೊದಲನೆಯ ಸೂತ್ರ ಇದೇ.

ಕಟ್ಟುವ ಕ್ರಮ

ಒಂದು ಸಣ್ಣ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಂಟು ಚಾಪೆಯದೊಂದು, ಆರು ಚಾಪೆಯದೊಂದು, ಎರಡು ಕೋಣೆಗಳು ಒಂದರ ಪಕ್ಕದಲ್ಲೊಂದು. ಉದ್ದದಲ್ಲಿ ಕಂಬದ ಸಾಲು ಒಂದು, ಕೋಣೆ ನಾಲ್ಕು, ಮತ್ತೆ ಕಂಬ ಒಂದು, ಕೋಣೆ ಮೂರು, ಕೊನೆಯ ಕಂಬ ಒಂದು. ಒಟ್ಟು ಹತ್ತು ಘನ. ಅಗಲದಲ್ಲಿ ಒಂದು, ನಾಲ್ಕು, ಒಂದು, ಒಟ್ಟು ಆರು. ಮುಂಭಾಗದಲ್ಲಿ ಒಂದು ಘನದಗಲದ ಮರದ ಜಗಲಿ. ಇದಕ್ಕೆ ಅವರು ಎಂಗಾವ ಎನ್ನುತ್ತಾರೆ. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗದಲ್ಲಿ ಕುಳಿತು ಅಂಗಳವನ್ನು ನೋಡುವುದು ಜಪಾನೀ ಮನೆಯ ಸುಖಗಳಲ್ಲೊಂದು. ನಮ್ಮ ಜಗಲಿಯ ಸುಖವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ನೆಲವನ್ನು ಮಣ್ಣಿನ ಮೇಲೆಯೇ ಹಾಸಬಾರದು. ಜಪಾನಿನಲ್ಲಿ ಮಳೆಯೂ ತೇವವೂ ಹೆಚ್ಚು. ಆದುದರಿಂದ ಮರದ ನೆಲವನ್ನು ಭೂಮಿಯಿಂದ ಸುಮಾರು ಒಂದೂವರೆ ಅಡಿ ಮೇಲೆತ್ತಿ ಕೆಳಗೆ ಗಾಳಿಯಾಡಲು ಬಿಡುತ್ತಾರೆ. ಅರೆ ಘನದ ಚಪ್ಪಡಿ ಹಾಸಿದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದೂವರೆ ಅಡಿ ಆಗುತ್ತದೆ. ಆಟದ ಮನುಷ್ಯನೂ ಅಷ್ಟು ಎತ್ತರವನ್ನು ನೆಗೆಯದೆಯೇ ಹತ್ತಬಲ್ಲನು. ಹಳೆಯ ಮನೆಗಳಲ್ಲಿ ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು; ಪ್ರತಿ ಕಂಬದ ಕೆಳಗೆ ನೆಲದ ಮಟ್ಟದಲ್ಲಿ ಒಂದು ಕಲ್ಲಿನ ಘನ ಇರಲಿ.

ಕಂಬಕ್ಕೆ ಸ್ಪ್ರೂಸ್ ಅಥವಾ ಡಾರ್ಕ್ ಓಕ್ ಮರದ ದಿಮ್ಮಿಯನ್ನು ಕೊಡಲಿಯಿಂದ ತೊಗಟೆ ಸುಲಿದು ಬಳಸಬೇಕು. ಎತ್ತರ ನಾಲ್ಕು ಘನ. ಬಾಗಿಲಿನ ಮೇಲ್ಪಟ್ಟಿಗೆ ಮೂರನೆಯ ಘನದ ಮೇಲರ್ಧದಲ್ಲಿ ಚಪ್ಪಡಿ ಇಟ್ಟರೆ ಕೆಳಗೆ ಎರಡು ಘನ ಎತ್ತರದ ದಾರಿ ಉಳಿಯುತ್ತದೆ. ಎಂದರೆ ಆರು ಅಡಿ. ನಿಜವಾದ ಜಪಾನೀ ಮನೆಯ ಬಾಗಿಲೂ ಹೆಚ್ಚುಕಡಿಮೆ ಅಷ್ಟೇ. ಮೇಲ್ಪಟ್ಟಿಗೂ ತೊಲೆಗೂ ನಡುವೆ ಉಳಿದ ಒಂದು ಘನದಲ್ಲಿ ಜಾಲಂಧ್ರವಿರಬೇಕು. ಅವರು ಅದನ್ನು ರಾನ್ಮ ಎನ್ನುತ್ತಾರೆ; ಕೋಣೆಯಿಂದ ಕೋಣೆಗೆ ಗಾಳಿ ಬೆಳಕು ಹಾಯಲಿ ಎಂಬುದು ಅದರ ಉದ್ದೇಶ. ಬೇಲಿಯ ತುಂಡುಗಳು ಇದಕ್ಕೆ ಚೆನ್ನಾಗಿ ಒಪ್ಪುತ್ತವೆ.

ಗೋಡೆಯ ವಿಷಯದಲ್ಲಿ ನನ್ನ ಮೊದಲ ತಪ್ಪು ಅದನ್ನು ಘನಗಳಿಂದ ತುಂಬಿದುದು. ಜಪಾನೀ ಮನೆಯಲ್ಲಿ ಭಾರ ಹೊರುವುದು ಕಂಬ. ಗೋಡೆ ಬರಿಯ ಮರೆ. ಹೊರಗಡೆ ಕಾಗದ ಅಂಟಿಸಿದ ಜಾಲರಿಯ ಶೋಜಿ, ಒಳಗಡೆ ಎರಡು ಕೋಣೆಗಳ ನಡುವೆ ಫುಸುಮ. ಎರಡೂ ಜರುಗುವ ಫಲಕಗಳು. ಸರಿಸಿದರೆ ಎರಡು ಕೋಣೆ ಸೇರಿ ಒಂದಾಗುತ್ತದೆ, ತೆಗೆದಿಟ್ಟರೆ ಮನೆಯೇ ಮಂಟಪವಾಗುತ್ತದೆ. ಆಟದಲ್ಲಿ ಶೋಜಿಗೆ ಬಿಳಿ ಗಾಜಿನ ತೆಳು ಫಲಕವನ್ನು ಬಳಸಬಹುದು. ಜರುಗುವ ಬಾಗಿಲು ಆಟದಲ್ಲಿ ಹುಟ್ಟಾ ಇಲ್ಲ. ಪಿಸ್ಟನ್ ಎಂಬ ಯಂತ್ರದ ತುಂಡುಗಳನ್ನು ಜೋಡಿಸಿ ಘನಗಳನ್ನು ಎಳೆಯಿಸಬಹುದಾದರೂ ಮೊದಲ ಮನೆಗೆ ಆ ಶ್ರಮ ಬೇಡ. ದೊಡ್ಡ ಕೋಣೆಯ ಹಿಂಗೋಡೆಯಲ್ಲಿ ಎರಡು ಘನ ಅಗಲ, ಒಂದು ಘನ ಆಳದ ಗೂಡನ್ನು ಹೊರಚಾಚಿ ಮಾಡಿ. ಇದು ತೊಕೊನೊಮ, ಚಿತ್ರಪಟವೊಂದು, ಹೂದಾನಿಯೊಂದು ಇಡುವ ಸ್ಥಳ. ಮನೆಯ ಉಳಿದ ಭಾಗವೆಲ್ಲ ಬರಿದಾಗಿರುವುದರಿಂದಲೇ ಈ ಗೂಡಿಗೆ ಬೆಲೆ.

ಈಗ ಮಾಡು. ಜಪಾನಿಗೆ ಹೆಂಚು ಬಂದುದು 6ನೆಯ ಶತಮಾನದ ಕೊನೆಯಲ್ಲಿ, ಬೌದ್ಧ ದೇವಾಲಯಗಳೊಡನೆ, ಕೊರಿಯಾದ ಮಾರ್ಗವಾಗಿ. ಆ ಮಾಡಿನ ಸೊಬಗು ಅದರ ಬಾಗಿನಲ್ಲಿದೆ. ಸೂರಿನ ಬಳಿ ಇಳಿಜಾರು ಮೆಲ್ಲನೆ, ಮೇಲೇರಿದಂತೆ ಕಡಿದು. ಮೆಟ್ಟಿಲಿನ ತುಂಡುಗಳನ್ನೇ ಮೊದಲಿನಿಂದ ಕೊನೆಯವರೆಗೆ ಇಟ್ಟರೆ ಏಣಿ ಆಗುತ್ತದೆ; ನನಗಾದುದು ಹಾಗೆಯೇ. ಸರಿಯಾದ ಕ್ರಮ ಇದು. ಜಗಲಿಯನ್ನು ಸೇರಿಸಿ ಮನೆಯ ಅಗಲ ಏಳು ಘನ; ಸೂರು ಎರಡೂ ಕಡೆ ಒಂದೊಂದು ಘನ ಚಾಚಿದರೆ ಒಂಬತ್ತು. ಹೊರಗಿನ ಮೊದಲ ಸಾಲಿಗೆ ಕೆಳಮಟ್ಟದ ಚಪ್ಪಡಿ, ಎರಡನೆಯ ಸಾಲಿಗೆ ಮೇಲ್ಮಟ್ಟದ ಚಪ್ಪಡಿ, ಮೂರನೆಯ ಮತ್ತು ನಾಲ್ಕನೆಯ ಸಾಲಿಗೆ ಮೆಟ್ಟಿಲು, ಐದನೆಯದು ನಡುಗೆರೆ. ಇನ್ನೊಂದು ಪಕ್ಕದಲ್ಲಿಯೂ ಹಾಗೆಯೇ. ಮೊದಲ ಎರಡು ಸಾಲಿನಲ್ಲಿ ಒಂದು ಘನ ಏರಿದ ಮಾಡು ಮುಂದಿನ ಎರಡರಲ್ಲಿ ಎರಡು ಘನ ಏರುತ್ತದೆ. ಕಣ್ಣಿಗೆ ಅದು ಬಾಗಾಗಿ ಕಾಣುತ್ತದೆ. ಚಪ್ಪಡಿಯ ಸಾಲುಗಳನ್ನು ನಾಲ್ಕು ಕಡೆಗೂ ಸುತ್ತಿಸಿ, ಮೆಟ್ಟಿಲಿನ ಸಾಲುಗಳನ್ನು ಉದ್ದದ ಎರಡು ಪಕ್ಕಕ್ಕೆ ಮಾತ್ರ ಇಟ್ಟರೆ ಅವರು ಇರಿಮೋಯ ಎನ್ನುವ ಮಾಡು ಆಗುತ್ತದೆ: ಕೆಳಗೆ ನಾಲ್ಕು ಇಳಿಜಾರು, ಮೇಲೆ ಎರಡು. ನಾಲ್ಕು ಮೂಲೆಗಳ ಚಪ್ಪಡಿಯನ್ನು ಅರ್ಧ ಘನ ಮೇಲೆತ್ತಿದರೆ ಮೂಲೆಗಳು ಹಕ್ಕಿಯ ರೆಕ್ಕೆಯಂತೆ ಏಳುತ್ತವೆ. ಹೊದಿಕೆಗೆ 2021ರಲ್ಲಿ ಆಟಕ್ಕೆ ಸೇರಿದ ಡೀಪ್‌ಸ್ಲೇಟ್ ಹೆಂಚಿನ ಬೂದುಗಪ್ಪು ಬಣ್ಣ ಬಹಳ ಚೆನ್ನಾಗಿ ಹೊಂದುತ್ತದೆ.

ಅಜ್ಜನ ಪ್ರಶ್ನೆ

ಈ ಕ್ರಮದಲ್ಲಿ ಕಟ್ಟಿದ ನಾಲ್ಕನೆಯ ಮನೆ ನನಗೆ ತೃಪ್ತಿ ಕೊಟ್ಟಿತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಕಣಪ್ಪ, ಆದರೆ ಈ ಮಾಡು ಯಾವುದರ ಮೇಲೆ ನಿಂತಿದೆ?" ಎಂದು ಕೇಳಿದರು. ನಾನು ನೋಡಿದೆ. ನಡುಗೆರೆಯ ಕೆಳಗೆ ಏನೂ ಇರಲಿಲ್ಲ. ಜಂತೆಯಿಲ್ಲ, ರೀಪಿಲ್ಲ, ತೊಲೆಯಿಲ್ಲ. ಆಟದಲ್ಲಿ ಮರಳು, ಜಲ್ಲಿ ಮುಂತಾದ ಕೆಲವನ್ನು ಬಿಟ್ಟರೆ ಯಾವ ಘನಕ್ಕೂ ಭಾರವಿಲ್ಲ. ಮರದ ಬುಡವನ್ನು ಕಡಿದರೆ ತಲೆ ಗಾಳಿಯಲ್ಲೇ ನಿಂತಿರುತ್ತದೆ. ಬಡಗಿಯ ವಿದ್ಯೆಯೆಲ್ಲ ಭಾರವನ್ನು ನೆಲಕ್ಕೆ ಮುಟ್ಟಿಸುವ ವಿದ್ಯೆ. ಆ ಒಂದನ್ನು ಮಾತ್ರ ಈ ಆಟ ಕಲಿಸುವುದಿಲ್ಲ.

ಅಜ್ಜ ನನ್ನನ್ನು ನಡುತೊಟ್ಟಿಗೆ ಕರೆದುಕೊಂಡು ಹೋಗಿ ಕಂಬ ತೋರಿಸಿದರು. ಕಂಬದ ಬುಡದಲ್ಲಿ ಕಲ್ಲು. ಗೆದ್ದಲಿಗೂ ತೇವಕ್ಕೂ ತಡೆ. ಕಂಬದ ತಲೆಯ ಮೇಲೆ ಎರಡೂ ಕಡೆಗೆ ಕೈ ಚಾಚಿದ ಬೋದಿಗೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ರೀಪು, ರೀಪಿನ ಮೇಲೆ ನಾಡಹೆಂಚು. ಬೋದಿಗೆ ಏಕೆ ಎಂದು ಕೇಳಿದೆ. ತೊಲೆಯ ಭಾರ ಒಂದೇ ಕಡೆ ಬೀಳದೆ ಹಂಚಿಹೋಗಲಿ, ತೊಲೆಯ ನೀಳ ಅಷ್ಟರಮಟ್ಟಿಗೆ ಕಡಮೆಯಾಗಲಿ ಎಂದು ಅವರು ವಿವರಿಸಿದರು. ಜಪಾನೀ ದೇವಾಲಯಗಳ ಕಂಬದ ಮೇಲೆ ಒಂದರ ಮೇಲೊಂದು ಜೋಡಿಸಿದ ಮರದ ಬೋದಿಗೆಗಳು ಮಾಡುವ ಕೆಲಸವೂ ಇದೇ. ಅಷ್ಟು ಉದ್ದದ ಸೂರನ್ನು ಹೊರುವುದು ಅವೇ. ನಾರಾ ಪ್ರಾಂತದ ಹೋರ್ಯೂಜಿ ದೇವಾಲಯದಲ್ಲಿ, ಜಗತ್ತಿನಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲೆಲ್ಲ ಹಳೆಯವೆನಿಸಿದ ಕಟ್ಟಡಗಳು ಸುಮಾರು 1300 ವರ್ಷಗಳಿಂದ ಹಾಗೆ ನಿಂತಿವೆ. ಅದೇ ನಾರಾದ ತೋದಾಯ್‌ಜಿಯ ಮಹಾಬುದ್ಧನಿಗೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷು ಎಂಬುದನ್ನೂ ಇಲ್ಲಿ ನೆನೆಯಬಹುದು.

ಮಾತು ಅಳತೆಗೆ ಬಂದಾಗ ನನಗೆ ಇನ್ನೂ ಹೆಚ್ಚಿನ ಆಶ್ಚರ್ಯವಾಯಿತು. ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಾರೆ. ಅಂಕಣವೆಂದರೆ ಎರಡು ತೊಲೆಗಳ ನಡುವಿನ ಅಂತರ. ಹೆಣ್ಣು ಕೊಡುವವರು "ಎಷ್ಟು ಅಂಕಣದ ಮನೆ?" ಎಂದು ಕೇಳುತ್ತಿದ್ದ ಕಾಲವಿತ್ತು. ಚಿಕ್ಕಂದಿನಿಂದ ಆ ಮಾತು ಕೇಳಿದ್ದರೂ ಅದೊಂದು ಅಳತೆಯೆಂದು ನನಗೆ ತೋರಿರಲಿಲ್ಲ. ಟೇಪು ಹಿಡಿದು ನೋಡಿದರೆ ನಮ್ಮ ಮನೆಯ ಅಂಕಣ ಒಂಬತ್ತು ಅಡಿ, ಸರಿಯಾಗಿ ಮೂರು ಗಜ, ಆಟದ ಮೂರು ಘನ. ಕೆನ್ ಎಂಬ ಜಪಾನೀ ಶಬ್ದವನ್ನು ಪುಸ್ತಕ ಹುಡುಕಿ ಕಲಿತವನಿಗೆ ಮನೆಯೊಳಗಿನ ಅಂಕಣ ಗೊತ್ತಿರಲಿಲ್ಲ! ಆ ದಿನ ನನಗೆ ನಾಚಿಕೆಯಾಯಿತು.

ಆಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದಾಗ ಅದನ್ನೂ ಈ ಕಣ್ಣಿನಿಂದಲೇ ನೋಡಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಮುಗಿದ ಆ ಬೇಸಗೆಯ ಅರಮನೆ ಎತ್ತರದ ಜಗತಿಯ ಮೇಲೆ ಮರದ ಕಂಬಗಳಲ್ಲಿ ನಿಂತಿದೆ. ಸುತ್ತಲೂ ಅಗಲವಾದ ಪಡಸಾಲೆ, ಅದರ ಮೇಲೆ ಚಾಚಿದ ಸೂರು. ಹಿಂದೆ ಗೋಡೆಯ ಚಿತ್ರಗಳನ್ನು ಮಾತ್ರ ನೋಡಿ ಬಂದಿದ್ದೆ. ಬಿಸಿಲನ್ನು ದೂರವಿಟ್ಟು ಗಾಳಿಯನ್ನು ಒಳಗೆ ಕರೆಯುವ ಉಪಾಯ ಕಾವೇರಿಯ ದಡದಲ್ಲಿಯೂ ಕ್ಯೋಟೋದಲ್ಲಿಯೂ ಹೆಚ್ಚು ಬೇರೆಯಲ್ಲವೆಂದು ಈ ಸಲ ಅನಿಸಿತು. ಭೇದವೂ ಉಂಟು. ಜಪಾನೀ ಮನೆಯ ಮಾಡು ಹೊರಕ್ಕೆ ಇಳಿದು ಅಂಗಳವನ್ನು ಹೊರಗೆ ಇಡುತ್ತದೆ; ತೊಟ್ಟಿ ಮನೆಯ ಮಾಡು ಒಳಕ್ಕೂ ಇಳಿದು ಆಕಾಶವನ್ನೇ ಮನೆಯ ನಡುವೆ ತಂದಿಡುತ್ತದೆ. ಕ್ಯೋಟೋದ ಹಳೆಯ ವರ್ತಕರ ಮನೆಗಳಲ್ಲಿ ಮಾತ್ರ ತ್ಸುಬೊನಿವ ಎಂಬ ಪುಟ್ಟ ಒಳಅಂಗಳವುಂಟು. ಅದು ನಮ್ಮ ತೊಟ್ಟಿಯ ಹತ್ತಿರದ ನಂಟು.

ತೊಟ್ಟಿ ಮನೆಯನ್ನು ಅಳೆದುದು

ಇಷ್ಟು ತಿಳಿಯುವ ಹೊತ್ತಿಗೆ ನಮ್ಮ ಮನೆಯನ್ನು ಬಿಚ್ಚುವುದೆಂದು ತೀರ್ಮಾನವಾಗಿತ್ತು. ಉತ್ತರದ ಪಾರ್ಶ್ವದ ತೊಲೆಗಳಿಗೆ ಗೆದ್ದಲು ಹಿಡಿದು ಎರಡು ಮಳೆಗಾಲದಿಂದ ಸೋರುತ್ತಿತ್ತು, ನಾಡಹೆಂಚು ಹೊದಿಸುವ ಕೈಗಳು ಸಿಗುತ್ತಿರಲಿಲ್ಲ, ಪಾಲುದಾರರು ಮೂವರು. ಆ ಜಾಗದಲ್ಲಿ ಕಾಂಕ್ರೀಟಿನ ಮನೆ ಕಟ್ಟುವುದು ತಪ್ಪೆಂದು ನಾನು ಹೇಳಲಾರೆ. ಸೋರುವ ಮನೆಯಲ್ಲಿ ವಾಸಿಸುವವರು ಅವರು, ರಜೆಗೆ ಹೋಗಿಬರುವವನು ನಾನು. ಬಿಚ್ಚುವ ಮುಂಚೆ ಅಳೆದುಕೊಳ್ಳುತ್ತೇನೆಂದು ಮಾತ್ರ ಕೇಳಿಕೊಂಡೆ. ಮೂರು ಭಾನುವಾರ ಹಿಡಿಯಿತು. ಟೇಪಿನ ಒಂದು ತುದಿಯನ್ನು ಅಜ್ಜ ಹಿಡಿದರು, ಇನ್ನೊಂದನ್ನು ನಾನು.

ತೊಟ್ಟಿಯ ಉದ್ದ ಎರಡು ಅಂಕಣ, ಅಗಲ ಒಂದು ಅಂಕಣ. ಅಂಚಿನಲ್ಲಿ ಆರು ಕಂಬ. ಆಟದಲ್ಲಿ ಅದನ್ನು ಕಟ್ಟುವಾಗ ಕ್ಯೋಟೋದ ಲೆಕ್ಕವನ್ನೇ ಹಿಡಿದು, ಕಂಬವನ್ನು ಬಿಟ್ಟು ಅಂಕಣಕ್ಕೆ ಮೂರು ಘನ ಖಾಲಿ ಉಳಿಸಿದೆ. ಕಂಬಕ್ಕೆ ಇಡೀ ದಿಮ್ಮಿಯ ಬದಲು ಬೇಲಿಗೂಟ ನಿಲ್ಲಿಸಿದೆ. ಅದರ ದಪ್ಪ ಘನದ ಕಾಲುಭಾಗ, ಗಜದ ಲೆಕ್ಕದಲ್ಲಿ ಒಂಬತ್ತು ಅಂಗುಲ. ಅಜ್ಜನ ತಾತ ನಿಲ್ಲಿಸಿದ್ದ ಕಂಬದ ದಪ್ಪವೂ ಒಂಬತ್ತು ಅಂಗುಲವೇ. ಚಪ್ಪಡಿ ಮತ್ತು ಮೆಟ್ಟಿಲಿನ ಪಾಠವನ್ನು ತಿರುಗುಮುರುಗು ಮಾಡಿ ಒಳಮಾಡನ್ನು ತೊಟ್ಟಿಯ ಕಡೆಗೆ ಇಳಿಸಿದೆ. ಈ ಸಲ ಮಾಡಿನ ಕೆಳಗೆ ತೊಲೆ, ಜಂತೆಗಳನ್ನೂ ಇಟ್ಟೆ. ಆಟಕ್ಕೆ ಅವು ಬೇಕಿಲ್ಲ, ನನಗೆ ಬೇಕಿತ್ತು. ಆಟದಲ್ಲಿ ಬಿದ್ದ ಮಳೆ ನೆಲದಲ್ಲಿ ನಿಲ್ಲುವುದೂ ಇಲ್ಲ, ಹರಿಯುವುದೂ ಇಲ್ಲ. ಆದರೂ ತೊಟ್ಟಿಯಿಂದ ಹೊರಕ್ಕೆ ಮೋರಿ ತೋಡಿದೆ.

ಮನೆ ಬಿಚ್ಚಿದ ದಿನ ಬೋದಿಗೆಗಳು ಒಂದೊಂದಾಗಿ ಕೆಳಗಿಳಿದುವು. ಒಂದು ಕಂಬವನ್ನೂ ಮುರಿಯಬೇಕಾಗಲಿಲ್ಲ. ತೂತಿನಲ್ಲಿ ಮೂತಿ ಕೂರಿಸಿದ ಜೋಡಣೆ, ಎತ್ತಿದರೆ ಕಳಚಿಬರುತ್ತಿತ್ತು. ಜಪಾನಿನ ಇಸೆ ಎಂಬಲ್ಲಿನ ಪ್ರಸಿದ್ಧ ದೇವಾಲಯವನ್ನು ಇಪ್ಪತ್ತು ವರ್ಷಗಳಿಗೊಮ್ಮೆ ಹೊಸ ಮರದಿಂದ ಪಕ್ಕದ ನಿವೇಶನದಲ್ಲಿ ಯಥಾವತ್ತಾಗಿ ಕಟ್ಟಿ ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಆರಂಭವಾದ ಈ ಪದ್ಧತಿ ಯುದ್ಧಕಾಲದಲ್ಲಿ ಒಮ್ಮೆ ನಿಂತುಹೋದರೂ ಮತ್ತೆ ಮುಂದುವರಿದು 2013ರಲ್ಲಿ 62ನೆಯ ಸಲ ನಡೆಯಿತು. ಹಿರಿಯ ಬಡಗಿಯ ಜೊತೆ ಕಿರಿಯನು ಒಮ್ಮೆ ಕಟ್ಟಿ ಕಲಿತರೆ ಮುಂದಿನ ಸಲ ತಾನೇ ಹಿರಿಯನಾಗುತ್ತಾನೆ. ನಮ್ಮ ಮನೆಯನ್ನು ಬಿಚ್ಚಿದಾಗ ಮತ್ತೆ ಕಟ್ಟಬಲ್ಲವರು ಯಾರೂ ಅಲ್ಲಿರಲಿಲ್ಲ. ಕಂಬಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಒಂದು ಬೋದಿಗೆಯನ್ನು ಅಜ್ಜ ಕೇಳಿ ಇಟ್ಟುಕೊಂಡರು.

ಘನಗಳಲ್ಲಿ ಕಟ್ಟಿದ ಮನೆ ಆ ಮನೆಗೆ ಸಮವೆಂದು ನಾನು ಹೇಳುವುದಿಲ್ಲ. ಅದರಲ್ಲಿ ಹೊಗೆಯ ವಾಸನೆಯಿಲ್ಲ, ಭಾರವಿಲ್ಲ, ಮಳೆನೀರಿನ ಸದ್ದಿಲ್ಲ. ಆದರೆ ಅಂಕಣಗಳ ಲೆಕ್ಕ ತಪ್ಪದೆ ಅದರಲ್ಲಿದೆ. ಕೈಬರಹದ ನಕ್ಷೆಯೊಂದು ಅದರ ಜೊತೆಗಿದೆ. ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆಯ ಹಳ್ಳಿಗಳಿಂದ ಬರುವ ಸಹಪಾಠಿಗಳಲ್ಲಿ ಇನ್ನೂ ಕೆಲವರ ಮನೆಗಳು ಕಂಬ ತೊಲೆಗಳ ಮೇಲೆ ನಿಂತಿವೆ. ಅವರು ಜಪಾನೀ ಮನೆಯನ್ನು ಕಟ್ಟುವುದಾದರೆ ಸಂತೋಷವಾಗಿ ಕಟ್ಟಲಿ. ಈ ಲೇಖನದ ಅಳತೆಗಳು ಅವರಿಗೆ ಉಪಯೋಗವಾಗಲಿ. ಅದಕ್ಕೆ ಮುಂಚೆ ಒಂದು ಭಾನುವಾರ ಟೇಪು ಹಿಡಿದು ತಮ್ಮ ಮನೆಯ ಒಂದು ಅಂಕಣ ಎಷ್ಟು ಅಡಿ ಎಂದು ನೋಡಿ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಮನೆಯ ಹಿರಿಯರನ್ನೇ ಕರೆಯುವುದು ಒಳ್ಳೆಯದು.